ಲೈಬ್ರರಿ ಆ್ಯಪ್ ದಾರಿ ತಪ್ಪಿಸುತ್ತಿದೆಯೇ? ದೋಷ ಹುಡುಕುವ ಬಗೆ

ಪುಸ್ತಕದ ಹೆಸರು ಒತ್ತಿದರೆ ಮಹಡಿಯ ನಕ್ಷೆ ಬರುತ್ತದೆ. ನೀವು ನಿಂತ ಜಾಗವನ್ನು ನೀಲಿ ಚುಕ್ಕೆ ತೋರಿಸುತ್ತದೆ. ಅಲ್ಲಿಂದ ಒಂದು ಗೆರೆ ಕಪಾಟಿನ ತನಕ ಕರೆದೊಯ್ಯುತ್ತದೆ. ಸರಿಯಾಗಿ ನಡೆದರೆ ಇದು ದೊಡ್ಡ ಉಪಕಾರ, ಅದರಲ್ಲೂ ಮೊದಲ ಸಲ ಬಂದವರಿಗೆ, ಕೌಂಟರಿನಲ್ಲಿ ಕೇಳಲು ಸಂಕೋಚ ಇರುವವರಿಗೆ. ಆದರೆ ಒಮ್ಮೆ ತಪ್ಪು ಕಪಾಟಿನ ಮುಂದೆ ನಿಲ್ಲಿಸಿದರೆ ಓದುಗರು ಆ ಆ್ಯಪನ್ನು ಮತ್ತೆ ತೆರೆಯುವುದಿಲ್ಲ. ಹಾಗಾಗಿ ದೋಷ ಕಂಡ ದಿನವೇ ಅದರ ಬೆನ್ನು ಹತ್ತಬೇಕು.

ಏನೇ ಕೆಟ್ಟರೂ ತುಂಬಾ ಜನ ಮೊದಲು ಬೀಕನ್ (ಗೋಡೆಗೆ ಅಂಟಿಸಿದ, ಬ್ಲೂಟೂತ್ ಸಿಗ್ನಲ್ ಕಳಿಸುವ ಚಿಕ್ಕ ಸಾಧನ) ಮೇಲೆ ಅನುಮಾನಪಡುತ್ತಾರೆ. ಏಣಿ ತರುತ್ತಾರೆ, ಬ್ಯಾಟರಿ ಬದಲಿಸುತ್ತಾರೆ. ಏಣಿ ಕೊನೆಗೆ ಬರಲಿ. ಮೊದಲು ಫೋನಿನ ಸೆಟ್ಟಿಂಗ್, ಆಮೇಲೆ ಕಪಾಟಿನ ಪಟ್ಟಿ (ಯಾವ ಕಪಾಟಿನಲ್ಲಿ ಯಾವ ಪುಸ್ತಕಗಳು ಎಂದು ಆ್ಯಪ್‌ಗೆ ಹೇಳುವ ದಾಖಲೆ), ಅದೂ ಸರಿ ಇದ್ದರೆ ಸಿಗ್ನಲ್. ಮೊದಲ ಎರಡಕ್ಕೆ ಖರ್ಚೇ ಇಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಲೈಬ್ರರಿಯಲ್ಲಿ ‘ಲೊಕೇಶನ್’ ಎಂಬ ಒಂದೇ ಹೆಸರಿನಡಿ ಹಲವು ಬೇರೆ ಬೇರೆ ತಂತ್ರಗಳು ಕೆಲಸ ಮಾಡುತ್ತವೆ. ಜಿಪಿಎಸ್ ಕಟ್ಟಡದ ಹೊರಗೆ ಮಾತ್ರ ನಂಬಿಕೆಗೆ ಅರ್ಹ. ಒಳಗೆ ದಾರಿ ತೋರಿಸುವುದು ಬ್ಲೂಟೂತ್ ಬೀಕನ್ ಅಥವಾ ವೈಫೈ. ಪುಸ್ತಕದ ಒಳಗೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ಓದುವ ಚಿಕ್ಕ ಚಿಪ್) ಪುಸ್ತಕ ಯಾವುದೆಂದು ಹೇಳುತ್ತದೆ, ಎಲ್ಲಿದೆ ಎಂದು ತಾನಾಗಿ ಹೇಳುವುದಿಲ್ಲ. ಇನ್ನು ಇ-ಪುಸ್ತಕಗಳ ಬಾಗಿಲು ತೆರೆಯುವುದು ನೀವು ಬಳಸುವ ನೆಟ್‌ವರ್ಕ್ ವಿಳಾಸದ ಮೇಲೆ. ಒಂದು ಕೆಟ್ಟರೆ ಉಳಿದವೂ ಕೆಡಬೇಕೆಂದಿಲ್ಲ.

ಮೊದಲ ಪ್ರಶ್ನೆ: ಒಬ್ಬರಿಗೋ, ಎಲ್ಲರಿಗೋ?

ದೂರು ಬಂದ ಜಾಗಕ್ಕೇ ಹೋಗಿ. ಇನ್ನೊಂದು ಫೋನಿನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯದರಲ್ಲಿ, ಅದೇ ಪುಸ್ತಕ ಹುಡುಕಿ. ಎರಡನೆಯದು ಸರಿಯಾಗಿ ತೋರಿಸಿದರೆ ದೋಷ ಮೊದಲ ಫೋನಿನಲ್ಲಿದೆ. ಎರಡೂ ಒಂದೇ ತಪ್ಪು ಜಾಗ ತೋರಿಸಿದರೆ ಪಟ್ಟಿಯಲ್ಲಿದೆ. ಎರಡೂ ಬೇರೆ ಬೇರೆ ತಪ್ಪು ಜಾಗ ತೋರಿಸಿದರೆ ಸಿಗ್ನಲ್ ಕಡೆ ನೋಡಿ. ಇಷ್ಟು ಮಾಡಿದರೆ ಅರ್ಧ ಹುಡುಕಾಟ ಮುಗಿದಂತೆ.

ಲಕ್ಷಣ: ನೀಲಿ ಚುಕ್ಕೆ ಬರುವುದೇ ಇಲ್ಲ, ಅಥವಾ ಇಡೀ ಕಟ್ಟಡದ ಮೇಲೆ ದೊಡ್ಡ ವೃತ್ತ ಬರುತ್ತದೆ

ಒಂದೇ ಫೋನಿನಲ್ಲಿ ಹೀಗಾದರೆ ಅದು ಬಹುತೇಕ ಪರ್ಮಿಷನ್ ಸಮಸ್ಯೆ. ಬ್ಲೂಟೂತ್ ಆನ್ ಇದೆಯೇ ನೋಡಿ. ಲೊಕೇಶನ್ ಕೂಡ ಆನ್ ಇರಬೇಕು. ‘ಬೀಕನ್ ಬ್ಲೂಟೂತ್ ಅಲ್ವಾ, ಲೊಕೇಶನ್ ಯಾಕೆ’ ಎಂದು ಓದುಗರು ಕೇಳುವುದು ಸಹಜ. ಆಂಡ್ರಾಯ್ಡ್ 6ರಿಂದ 11ರ ತನಕ ಲೊಕೇಶನ್ ಅನುಮತಿ ಇಲ್ಲದೆ ಆ್ಯಪ್‌ಗೆ ಬೀಕನ್ ಹುಡುಕಲು ಆಗುವುದಿಲ್ಲ. ಆಂಡ್ರಾಯ್ಡ್ 12ರಿಂದ ‘ಹತ್ತಿರದ ಸಾಧನಗಳು’ ಎಂಬ ಬೇರೆ ಅನುಮತಿ ಬಂದಿದೆ. ದಾರಿ ತೋರಿಸುವ ಆ್ಯಪ್‌ಗೆ ಸಾಮಾನ್ಯವಾಗಿ ಎರಡೂ ಬೇಕು.

ದೊಡ್ಡ ವೃತ್ತ ಕಂಡರೆ ‘ನಿಖರ ಲೊಕೇಶನ್’ ಸೆಟ್ಟಿಂಗ್ ನೋಡಿ. ಐಫೋನಿನಲ್ಲಿ ಐಒಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 12ರಿಂದ, ಅಂದಾಜು ಜಾಗ ಮಾತ್ರ ಕೊಡುವ ಆಯ್ಕೆ ಇದೆ. ಅದನ್ನು ಒತ್ತಿದ್ದರೆ ಆ್ಯಪ್‌ಗೆ ನೀವು ಯಾವ ಬಡಾವಣೆಯಲ್ಲಿದ್ದೀರಿ ಎಂದಷ್ಟೇ ಗೊತ್ತಾಗುತ್ತದೆ, ಯಾವ ಕಪಾಟಿನ ಮುಂದೆ ಎಂದಲ್ಲ.

‘ಹೋದ ಸಲ ಬಂದಾಗ ಸರಿ ಇತ್ತು’ ಎನ್ನುವವರೂ ಇದ್ದಾರೆ. ಅವರ ಮಾತು ನಿಜವೇ ಇರಬಹುದು. ತಿಂಗಳುಗಟ್ಟಲೆ ತೆರೆಯದ ಆ್ಯಪ್‌ನಿಂದ ಹೊಸ ಆಂಡ್ರಾಯ್ಡ್ ಫೋನುಗಳು ಅನುಮತಿಯನ್ನು ತಾವೇ ವಾಪಸ್ ಪಡೆಯುತ್ತವೆ. ಮತ್ತೆ ಕೊಟ್ಟರೆ ಸಾಕು.

ಒಂದು ವಿನಂತಿ. ಓದುಗರ ಫೋನನ್ನು ಕೈಗೆ ತೆಗೆದುಕೊಂಡು ನೀವೇ ಒತ್ತಬೇಡಿ. ಪಕ್ಕದಲ್ಲಿ ನಿಂತು ಹೇಳಿ, ಅವರೇ ಒತ್ತಲಿ. ಲೊಕೇಶನ್ ಕೊಡಲು ಇಷ್ಟವಿಲ್ಲ ಎಂದರೆ ಒತ್ತಾಯ ಬೇಡ. ಮುದ್ರಿಸಿದ ನಕ್ಷೆ ಕೊಡಿ, ಇಲ್ಲವೇ ಜೊತೆಗೆ ನಡೆದು ತೋರಿಸಿ.

ಲಕ್ಷಣ: ಚುಕ್ಕೆ ಸರಿಯಾಗಿದೆ, ಆದರೆ ಕಪಾಟಿನಲ್ಲಿ ಆ ಪುಸ್ತಕ ಇಲ್ಲ

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ದೂರು. ಎಲ್ಲಕ್ಕಿಂತ ಜಾಸ್ತಿ ತಪ್ಪಾಗಿ ಅರ್ಥವಾಗುವುದೂ ಇದೇ. ಇಲ್ಲಿ ತಂತ್ರಜ್ಞಾನ ಕೆಟ್ಟಿಲ್ಲ. ಅದಕ್ಕೆ ಹೇಳಿಕೊಟ್ಟದ್ದು ಹಳೆಯದಾಗಿದೆ, ಅಷ್ಟೇ.

ಆ್ಯಪ್ ಹೇಗೆ ಯೋಚಿಸುತ್ತದೆ ನೋಡಿ. ಪ್ರತಿಯೊಂದು ಪುಸ್ತಕ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಅದರ ಹತ್ತಿರ ಇರುವುದು ಒಂದು ಪಟ್ಟಿ ಮಾತ್ರ. ಇಂಥ ಕಪಾಟಿನ ಎಡಬದಿಯಲ್ಲಿ ಈ ಕಾಲ್ ನಂಬರಿನಿಂದ (ಪುಸ್ತಕದ ಬೆನ್ನಿನ ಚೀಟಿಯ ಮೇಲಿನ ಸಂಖ್ಯೆ) ಆ ಕಾಲ್ ನಂಬರಿನ ತನಕ ಎಂದು ಅದರಲ್ಲಿ ಬರೆದಿರುತ್ತದೆ. ಹೊಸ ಪುಸ್ತಕಗಳು ಬಂದಾಗ 500ರ ಸಾಲಿನ ವಿಜ್ಞಾನದ ಪುಸ್ತಕಗಳನ್ನು ಸಿಬ್ಬಂದಿ ಒಂದು ಕಪಾಟು ಮುಂದಕ್ಕೆ ಸರಿಸುತ್ತಾರೆ. ಕಪಾಟಿನ ತುದಿಯ ಚೀಟಿ ಬದಲಾಗುತ್ತದೆ. ಪಟ್ಟಿ ಬದಲಾಗುವುದಿಲ್ಲ. ಅಂದಿನಿಂದ ಆ್ಯಪ್ ಪ್ರತಿಯೊಬ್ಬರನ್ನೂ ಒಂದು ಕಪಾಟು ಹಿಂದೆಯೇ ನಿಲ್ಲಿಸುತ್ತದೆ.

ಪರೀಕ್ಷೆ ಸುಲಭ. ಆ ಕಪಾಟಿನ ಮೊದಲ ಮತ್ತು ಕೊನೆಯ ಪುಸ್ತಕದ ಬೆನ್ನಿನ ಚೀಟಿ ಓದಿ. ಪಟ್ಟಿಯ ನಂಬರುಗಳ ಜೊತೆ ಹೋಲಿಸಿ. ಹೊಂದದಿದ್ದರೆ ಪಕ್ಕದ ಕಪಾಟುಗಳನ್ನೂ ನೋಡಿ. ತಪ್ಪು ಒಂದೇ ಕಪಾಟಿನಲ್ಲಿದ್ದರೆ ಟೈಪಿಂಗ್ ದೋಷ ಇರಬಹುದು. ಸಾಲಾಗಿ ಹಲವು ಕಪಾಟುಗಳಲ್ಲಿ ಒಂದೇ ದಿಕ್ಕಿಗೆ ತಪ್ಪು ಇದ್ದರೆ ಪುಸ್ತಕ ಸರಿಸಿದ್ದಾರೆ. ಪಟ್ಟಿ ತಿದ್ದಿ, ಆ್ಯಪ್‌ಗೆ ಹೊಸ ಪಟ್ಟಿ ತಲುಪಿದೆಯೇ ಎಂದು ಫೋನಿನಲ್ಲೇ ನೋಡಿ. ಕೆಲವು ಆ್ಯಪ್‌ಗಳು ಹಳೆಯ ನಕ್ಷೆಯನ್ನು ಫೋನಿನಲ್ಲಿ ಉಳಿಸಿಕೊಂಡಿರುತ್ತವೆ. ಒಮ್ಮೆ ಪೂರ್ತಿ ಮುಚ್ಚಿ ತೆರೆಯಬೇಕಾಗುತ್ತದೆ.

ಪಟ್ಟಿ ತಿದ್ದುವಾಗ ಇನ್ನೊಂದು ಬಲೆ ಇದೆ. ಕಾಲ್ ನಂಬರಿನಲ್ಲಿ ಚುಕ್ಕೆಯ ನಂತರದ್ದನ್ನು ಕಂಪ್ಯೂಟರ್ ಬೇರೊಂದು ಪೂರ್ಣ ಸಂಖ್ಯೆಯಾಗಿ ಓದಿದರೆ ವಿಂಗಡಣೆ ಕೆಡುತ್ತದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಚುಕ್ಕೆಯ ನಂತರದ್ದು ದಶಮಾಂಶ. ಹಾಗಾಗಿ 510.12 ಮೊದಲು, 510.2 ಆಮೇಲೆ. ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಇಟ್ಟಿದ್ದರೆ ಅದು 510.20ರ ಕೊನೆಯ ಸೊನ್ನೆಯನ್ನು ಅಳಿಸಿಬಿಡಬಹುದು. 005ರ ಮೊದಲ ಸೊನ್ನೆಗಳನ್ನೂ ನುಂಗಬಹುದು. ಆಗ ಕಂಪ್ಯೂಟರ್ ವಿಷಯದ ಪುಸ್ತಕ ಹುಡುಕಿದವರು ಎಲ್ಲೋ ಹೋಗಿ ನಿಲ್ಲುತ್ತಾರೆ. ಆ ಕಾಲಂ ಅನ್ನು ಪಠ್ಯ ಎಂದು ಗುರುತು ಮಾಡಿ ಇಡಿ. ವಿಂಗಡಿಸುವ ಕೆಲಸವನ್ನು ಕಾಲ್ ನಂಬರಿನ ನಿಯಮ ತಿಳಿದ ಸಾಫ್ಟ್‌ವೇರಿಗೆ ಬಿಡಿ.

ದೊಡ್ಡ ಗಾತ್ರದ ಪುಸ್ತಕಗಳು, ಪರಾಮರ್ಶನ ವಿಭಾಗ, ಮಕ್ಕಳ ವಿಭಾಗ, ‘ಹೊಸ ಆಗಮನ’ ಕಪಾಟು, ಇವೆಲ್ಲ ಒಂದೇ ಕಾಲ್ ನಂಬರಿನ ಪುಸ್ತಕಗಳನ್ನು ಬೇರೆ ಬೇರೆ ಕಡೆ ಇಡುತ್ತವೆ. ಆ್ಯಪ್ ಬರೀ ನಂಬರು ನೋಡಿ ವಿಭಾಗ ನೋಡದಿದ್ದರೆ ಸಾಮಾನ್ಯ ಸಾಲಿಗೆ ಕಳಿಸುತ್ತದೆ. ಕ್ಯಾಟಲಾಗಿನಲ್ಲಿ ಆ ಪ್ರತಿಯ ವಿಭಾಗದ ಸಂಕೇತ ಸರಿ ಇದೆಯೇ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಪುಸ್ತಕ ಸಿಗದಿದ್ದರೆ? ಯಾರೋ ಓದಿ ಬೇರೆ ಕಡೆ ಇಟ್ಟಿರಬಹುದು. ಮೇಜುಗಳ ಮೇಲೆ, ವಾಪಸ್ ಬಂದ ಪುಸ್ತಕಗಳ ಗಾಡಿಯಲ್ಲಿ, ಅದೇ ಕಪಾಟಿನ ಮೇಲಿನ ಕೆಳಗಿನ ಹಲಗೆಗಳಲ್ಲಿ ನೋಡಿ. ಇದನ್ನು ಯಾವ ಬೀಕನ್ನೂ ಸರಿಮಾಡಲಾರದು.

ಲಕ್ಷಣ: ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ, ಮಹಡಿಯಿಂದ ಮಹಡಿಗೆ ಹಾರುತ್ತದೆ

ಸ್ವಲ್ಪ ಓಲಾಡುವುದು ಸಹಜ. ಬೀಕನ್ ವ್ಯವಸ್ಥೆ ಸಾಮಾನ್ಯವಾಗಿ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಎದುರುಬದುರಾದ ಎರಡು ಕಪಾಟುಗಳಲ್ಲಿ ಯಾವುದು ಎಂದು ಅದು ಖಚಿತವಾಗಿ ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಚುಕ್ಕೆ ಇಡೀ ಸಭಾಂಗಣ ದಾಟಿ ಹಾರಿದರೆ, ಇಲ್ಲವೇ ಮೇಲಿನ ಮಹಡಿಗೆ ಹೋಗಿ ಕೂತರೆ, ಅದು ದೋಷ.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ. ವೈಫೈಯ ಒಂದು ಭಾಗವೂ ಅಲ್ಲೇ ಇದೆ. ಈ ಅಲೆಗಳನ್ನು ಕಬ್ಬಿಣದ ಕಪಾಟು ಪ್ರತಿಫಲಿಸುತ್ತದೆ, ತುಂಬಿದ ಪುಸ್ತಕಗಳು ಹೀರುತ್ತವೆ, ನೀರಿನಂಶ ಇರುವ ನಮ್ಮ ಮೈಯೂ ಹೀರುತ್ತದೆ. ಹಾಗಾಗಿ ಬೆಳಿಗ್ಗೆ ಖಾಲಿ ಇದ್ದಾಗ ಸರಿ, ಪರೀಕ್ಷೆಯ ದಿನಗಳಲ್ಲಿ ಕಿಕ್ಕಿರಿದಾಗ ತಪ್ಪು ಎಂದರೆ ಅಚ್ಚರಿಯಿಲ್ಲ. ದೂರು ಬಂದ ಹೊತ್ತನ್ನೂ ಬರೆದುಕೊಳ್ಳಿ. ಜನ ಜಾಸ್ತಿ ಇದ್ದಾಗ ಮಾತ್ರ ತೊಂದರೆ ಇದ್ದರೆ ಬೀಕನ್‌ಗಳನ್ನು ತಲೆಯ ಎತ್ತರಕ್ಕಿಂತ ಮೇಲೆ ಹಾಕುವುದೇ ಮದ್ದು.

ಮಹಡಿ ತಪ್ಪಾದರೆ ಮೊದಲು ಮೆಟ್ಟಿಲ ಬಾವಿ ಮತ್ತು ಮಧ್ಯದ ತೆರೆದ ಅಂಗಳದ ಬಳಿ ನೋಡಿ. ಅಲ್ಲಿ ಮೇಲಿನ ಮಹಡಿಯ ಬೀಕನ್‌ಗೆ ಅಡ್ಡಿಯೇ ಇಲ್ಲ. ಇದೇ ಮಹಡಿಯ ಬೀಕನ್ ಕಪಾಟಿನ ಹಿಂದೆ ಅಡಗಿದ್ದರೆ ಮೇಲಿನದೇ ಗೆಲ್ಲುತ್ತದೆ. ಮೇಲಿನ ಮಹಡಿಯ ಆ ಬೀಕನ್‌ನ ಶಕ್ತಿ ತಗ್ಗಿಸಿ, ಇಲ್ಲವೇ ಅಂಚಿನಿಂದ ಒಳಕ್ಕೆ ಸರಿಸಿ.

ಇನ್ನೊಂದು ಕಾರಣ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಎರಡು ಬೀಕನ್‌ಗಳಿಗೆ ಒಂದೇ ಗುರುತು. ಆ್ಯಪಲ್ 2013ರಲ್ಲಿ ತಂದ ಐಬೀಕನ್ ಪದ್ಧತಿಯಲ್ಲಿ ಪ್ರತಿ ಬೀಕನ್ ಮೂರು ವಿವರ ಕೂಗುತ್ತಿರುತ್ತದೆ: ಯುಯುಐಡಿ, ಮೇಜರ್, ಮೈನರ್. ಯುಯುಐಡಿ ಇಡೀ ಸಂಸ್ಥೆಗೆ ಒಂದು. ಮೇಜರ್ ಮತ್ತು ಮೈನರ್ 0ರಿಂದ 65535ರ ಒಳಗಿನ ಸಂಖ್ಯೆಗಳು. ಸಾಮಾನ್ಯವಾಗಿ ಮೇಜರ್‌ನಿಂದ ಮಹಡಿ, ಮೈನರ್‌ನಿಂದ ಜಾಗ ಗುರುತಿಸುತ್ತಾರೆ. ಕೆಟ್ಟದ್ದರ ಬದಲಿಗೆ ಅದೇ ಗುರುತಿನ ಹೊಸದು ಹಾಕಿ, ಹಳೆಯದನ್ನು ಡ್ರಾಯರಿನಲ್ಲಿ ಎಸೆದು, ಅದು ಇನ್ನೂ ಕೂಗುತ್ತಲೇ ಇದ್ದರೆ ಆ್ಯಪ್‌ಗೆ ನೀವು ಎರಡು ಕಡೆ ಇದ್ದಂತೆ ಕಾಣುತ್ತದೆ. ಡ್ರಾಯರುಗಳನ್ನು ನಿಜವಾಗಿಯೂ ತೆಗೆದು ನೋಡಿ.

ಇದನ್ನು ಹಿಡಿಯಲು ಬ್ಲೂಟೂತ್ ಸ್ಕ್ಯಾನ್ ಮಾಡುವ ಉಚಿತ ಆ್ಯಪ್ ಸಾಕು. ಆದರೆ ಆಂಡ್ರಾಯ್ಡ್ ಫೋನ್ ಬಳಸಿ. ಯುಯುಐಡಿ ಮೊದಲೇ ತಿಳಿಸದಿದ್ದರೆ ಐಫೋನ್ ಐಬೀಕನ್‌ಗಳನ್ನು ಸ್ಕ್ಯಾನ್ ಆ್ಯಪ್‌ಗೆ ತೋರಿಸುವುದೇ ಇಲ್ಲ. ಇದು ಗೊತ್ತಿಲ್ಲದೆ ‘ಎಲ್ಲ ಬೀಕನ್‌ಗಳೂ ಸತ್ತಿವೆ’ ಎಂಬ ತೀರ್ಮಾನಕ್ಕೆ ಬರಬೇಡಿ. ಪಟ್ಟಿಯಲ್ಲಿ ಪ್ರತಿಯೊಂದರ ಎದುರು ಡಿಬಿಎಂ ಲೆಕ್ಕದಲ್ಲಿ ಒಂದು ಋಣ ಸಂಖ್ಯೆ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ. −60ರ ಆಸುಪಾಸು ಇದ್ದರೆ ಬೀಕನ್ ಹತ್ತಿರದಲ್ಲಿದೆ. −90ಕ್ಕಿಂತ ಕೆಳಗಿಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ. ಬೀಕನ್ ಪಕ್ಕದಲ್ಲೇ ನಿಂತಾಗಲೂ ಅಷ್ಟು ಕೆಳಗಿದ್ದರೆ ಅದರ ಶಕ್ತಿಯ ಸೆಟ್ಟಿಂಗ್ ತಗ್ಗಿಸಿದ್ದಾರೆ, ಇಲ್ಲವೇ ಲೋಹದ ತಗಡಿನ ಹಿಂದೆ ಅಂಟಿಸಿದ್ದಾರೆ.

ಲಕ್ಷಣ: ಒಂದು ಮೂಲೆ ಮಾತ್ರ ಸತ್ತಂತಿದೆ

ಬೀಕನ್ ಬ್ಯಾಟರಿ ಮುಗಿದಿದೆ, ಬಿದ್ದು ಹೋಗಿದೆ, ಇಲ್ಲವೇ ಬಣ್ಣ ಬಳಿಯುವವರು ಕಿತ್ತಿಟ್ಟಿದ್ದಾರೆ. ಮೊದಲು ನೆಲದಿಂದಲೇ ಕಣ್ಣಾಡಿಸಿ. ಗೋಡೆಯ ಮೇಲೆ ಅಂಟಿನ ಗುರುತು ಮಾತ್ರ ಉಳಿದಿದ್ದರೆ ಮುಂದಿನ ಪರೀಕ್ಷೆ ಬೇಡ.

ಬೀಕನ್ ತಾನೇ ಹೇಳುವ ಬ್ಯಾಟರಿ ಶೇಕಡಾವಾರನ್ನು ಪೂರ್ತಿ ನಂಬಬೇಡಿ. ಲಿಥಿಯಂ ನಾಣ್ಯದ ಸೆಲ್ ಬಹುಕಾಲ ಸುಮಾರು 3 ವೋಲ್ಟ್‌ನಲ್ಲೇ ಇದ್ದು ಕೊನೆಯಲ್ಲಿ ದಿಢೀರನೆ ಇಳಿಯುತ್ತದೆ. ಮೀಟರ್ ಹಿಡಿದರೂ ಹೊರೆ ಇಲ್ಲದಾಗ ಸರಿ ಇದ್ದಂತೆ ಕಾಣಬಹುದು. ಹೊಸ ಸೆಲ್ ಹಾಕಿ ನೋಡುವುದೇ ಒಳ್ಳೆಯ ಪರೀಕ್ಷೆ. ಅದೇ ಅಳತೆಯದು ಬೇಕು: ಸಿಆರ್ 2032 ಮತ್ತು ಸಿಆರ್ 2477 ಒಂದರ ಬದಲು ಒಂದು ಕೂರುವುದಿಲ್ಲ. ಹೊಸ ಸೆಲ್ ಹಾಕಿದರೂ ಏಳದಿದ್ದರೆ ಸೆಲ್‌ನ ಮೇಲೆ ಕಹಿ ಲೇಪನ ಇದೆಯೇ ನೋಡಿ. ಮಕ್ಕಳು ನುಂಗದಿರಲಿ ಎಂದು ಹಾಕುವ ಆ ಲೇಪನದಿಂದ ಕೆಲವು ಉಪಕರಣಗಳಲ್ಲಿ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ಲೇಪನವಿಲ್ಲದ್ದು ಹಾಕಿ ನೋಡಿ, ಬೀಕನ್ನಿನ ಮುಚ್ಚಳ ಮಾತ್ರ ಭದ್ರವಾಗಿರಲಿ. ಸೆಲ್ ಬದಲಿಸಿದ ಮೇಲೆ ಮೇಜರ್, ಮೈನರ್ ಮೊದಲಿನಂತೆಯೇ ಇವೆಯೇ ಎಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಿ.

ಎಚ್ಚರಿಕೆ. ನಾಣ್ಯದ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಮಕ್ಕಳ ವಿಭಾಗದಲ್ಲಿ ಕೈಗೆಟಕುವ ಎತ್ತರದಲ್ಲಿ ಬೀಕನ್ ಹಾಕಬೇಡಿ. ಸ್ಕ್ರೂ ಇರುವ ಮುಚ್ಚಳವೇ ಇರಲಿ. ಮಗು ನುಂಗಿರುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೆಗೆದ ಸೆಲ್‌ಗಳಿಗೆ ಎರಡೂ ಬದಿ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಕುರ್ಚಿ ಹತ್ತಬೇಡಿ, ಕಪಾಟಿನ ಹಲಗೆಗಳ ಮೇಲೆ ಕಾಲಿಟ್ಟು ಏರಲೇಬೇಡಿ, ಪುಸ್ತಕ ತುಂಬಿದ ಕಪಾಟು ಮಗುಚಿದರೆ ಪ್ರಾಣಾಪಾಯ. ಏಣಿ ಹಿಡಿಯಲು ಒಬ್ಬರು ಇರಲಿ. ಬೀಕನ್ ಸುಳ್ಳು ಛಾವಣಿಯ ಒಳಗಿದ್ದರೆ, ಅಥವಾ ದೀಪದ ತಂತಿಯಿಂದ ವಿದ್ಯುತ್ ಪಡೆಯುತ್ತಿದ್ದರೆ, ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಲಕ್ಷಣ: ಜಾಗ ಸರಿ, ಬಾಣ ಹಿಂದುಮುಂದು

ಇದು ಫೋನಿನ ದಿಕ್ಸೂಚಿಯ ತೊಂದರೆ. ಕಬ್ಬಿಣದ ಕಪಾಟುಗಳ ನಡುವೆ ಅದು ದಿಕ್ಕು ತಪ್ಪುತ್ತದೆ. ಆಯಸ್ಕಾಂತ ಇರುವ ಫೋನ್ ಕವರ್ ಕೂಡ ಇದನ್ನೇ ಮಾಡುತ್ತದೆ. ಕವರ್ ತೆಗೆದು, ಕಪಾಟಿನಿಂದ ದೂರ ಬಂದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಕೆಲವು ಸಲ ಆಡಿಸಿ. ನಾಲ್ಕು ಹೆಜ್ಜೆ ನಡೆದು ಚುಕ್ಕೆ ಯಾವ ಕಡೆ ಸರಿಯಿತು ಎಂದು ನೋಡಿದರೂ ದಿಕ್ಕು ತಿಳಿಯುತ್ತದೆ.

ಲಕ್ಷಣ: ಬಾಗಿಲಲ್ಲಿ ನೋಟಿಫಿಕೇಶನ್ ಬರುವುದಿಲ್ಲ, ಅಥವಾ ರಸ್ತೆಯಲ್ಲೇ ಬಂದುಬಿಡುತ್ತದೆ

‘ನಿಮ್ಮ ಕಾಯ್ದಿರಿಸಿದ ಪುಸ್ತಕ ಬಂದಿದೆ’ ಎಂಬ ಸಂದೇಶ ಲೈಬ್ರರಿ ಹತ್ತಿರ ಬಂದಾಗ ಬರಬೇಕು. ಬರದಿದ್ದರೆ ಹಿನ್ನೆಲೆಯಲ್ಲಿ ಲೊಕೇಶನ್ ಬಳಸುವ ಅನುಮತಿ ಇದೆಯೇ, ನೋಟಿಫಿಕೇಶನ್ ಆನ್ ಇದೆಯೇ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಲಗಿಸಿದೆಯೇ ನೋಡಿ.

ರಸ್ತೆಯಲ್ಲೇ ಬಂದರೆ ನಕ್ಷೆಯ ಮೇಲೆ ಎಳೆದ ಬೇಲಿ, ಅಂದರೆ ಒಳಗೆ ಬಂದೊಡನೆ ಸಂದೇಶ ಕಳಿಸುವ ವೃತ್ತ, ದೊಡ್ಡದಾಗಿದೆ. ಆದರೆ ಸುಮ್ನೆ ಚಿಕ್ಕದು ಮಾಡಿದರೆ ಬರುವುದೇ ನಿಂತುಹೋಗಬಹುದು. ಆಂಡ್ರಾಯ್ಡ್‌ಗೆ ಕನಿಷ್ಠ 100 ಮೀಟರ್ ಆಸುಪಾಸಿನ ತ್ರಿಜ್ಯ ಇಡಬೇಕೆಂಬುದು ಗೂಗಲ್‌ನದೇ ಸಲಹೆ. ಬಾಗಿಲಷ್ಟೇ ನಿಖರವಾಗಿ ಬೇಕೆಂದರೆ ಅಲ್ಲೊಂದು ಬೀಕನ್ ಬೇಕು.

ಶಾಖೆಗಳು ಜಾಸ್ತಿ ಇರುವ ಲೈಬ್ರರಿಗಳು ಇದನ್ನು ಗಮನಿಸಲಿ: ಐಫೋನಿನಲ್ಲಿ ಒಂದು ಆ್ಯಪ್ ಒಮ್ಮೆಗೆ 20 ಪ್ರದೇಶಗಳನ್ನು ಮಾತ್ರ ಕಾಯಬಲ್ಲದು, ಆಂಡ್ರಾಯ್ಡ್‌ನಲ್ಲಿ 100. ಕೆಲವು ಶಾಖೆಗಳಲ್ಲಿ ಮಾತ್ರ, ಅದೂ ಐಫೋನಿನಲ್ಲಿ ಮಾತ್ರ ಸಂದೇಶ ಬರದಿದ್ದರೆ ಈ ಮಿತಿಯೇ ಕಾರಣವಿರಬಹುದು. ಹತ್ತಿರದ ಶಾಖೆಗಳನ್ನಷ್ಟೇ ಕಾಯುವಂತೆ ಆ್ಯಪ್ ಮಾಡಿದವರು ಬದಲಿಸಬೇಕು. ಆ್ಯಪ್ ಇಲ್ಲದೆಯೇ ಬೀಕನ್‌ನಿಂದ ಆಂಡ್ರಾಯ್ಡ್‌ಗೆ ಸಂದೇಶ ಕಳಿಸುತ್ತಿದ್ದ ಹಳೆಯ ಏರ್ಪಾಡು ಇದ್ದರೆ ಅದನ್ನು ಕೈಬಿಡಿ. ಗೂಗಲ್ ಆ ಸೌಲಭ್ಯವನ್ನು 2018ರ ಡಿಸೆಂಬರಿನಲ್ಲೇ ನಿಲ್ಲಿಸಿದೆ. ಬ್ಯಾಟರಿ ಎಷ್ಟು ಬದಲಿಸಿದರೂ ಅದು ಮರಳುವುದಿಲ್ಲ.

ಲಕ್ಷಣ: ಒಳಗೇ ಕೂತಿದ್ದರೂ ‘ನೀವು ಲೈಬ್ರರಿಯಲ್ಲಿಲ್ಲ’ ಎನ್ನುತ್ತದೆ

ಇ-ಪತ್ರಿಕೆ, ಇ-ಪುಸ್ತಕಗಳ ತಾಣಗಳು ನೀವು ಕೂತ ಕುರ್ಚಿಯನ್ನು ನೋಡುವುದಿಲ್ಲ, ನಿಮ್ಮ ನೆಟ್‌ವರ್ಕಿನ ವಿಳಾಸವಾದ ಐಪಿ ವಿಳಾಸ ನೋಡುತ್ತವೆ. ಮೊದಲು ಫೋನ್ ಮೊಬೈಲ್ ಡೇಟಾದಲ್ಲಿ ಇದೆಯೋ, ಲೈಬ್ರರಿಯ ವೈಫೈಯಲ್ಲಿ ಇದೆಯೋ ನೋಡಿ. ಆಮೇಲೆ ವಿಪಿಎನ್ ಆಫ್ ಮಾಡಿಸಿ. ಐಫೋನಿನ ಪ್ರೈವೇಟ್ ರಿಲೇ ಕೂಡ ವಿಳಾಸವನ್ನು ಮರೆಮಾಡುತ್ತದೆ. ಎಲ್ಲರಿಗೂ, ಎಲ್ಲ ತಾಣಗಳಲ್ಲೂ ಒಂದೇ ದಿನ ಶುರುವಾಗಿದ್ದರೆ ಇಂಟರ್ನೆಟ್ ಕೊಡುವವರು ನಿಮ್ಮ ಹೊರ ವಿಳಾಸ ಬದಲಿಸಿರುವ ಸಾಧ್ಯತೆ ಜಾಸ್ತಿ. ಹೊಸ ವಿಳಾಸವನ್ನು ಪ್ರಕಾಶಕರಿಗೆ ತಿಳಿಸಬೇಕು.

ಲಕ್ಷಣ: ಕೈಯಲ್ಲಿ ಹಿಡಿಯುವ ರೀಡರ್‌ಗೆ ಪುಸ್ತಕ ಸಿಗುವುದಿಲ್ಲ, ಅಥವಾ ಬಾಗಿಲ ಬಳಿ ಕಳ್ಳತನ ತಡೆಯುವ ಗೇಟ್ ಸುಮ್ನೆ ಕೂಗುತ್ತದೆ

ಲೈಬ್ರರಿಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಆರ್‌ಎಫ್‌ಐಡಿ 13.56 ಮೆಗಾಹರ್ಟ್ಸ್‌ನದು. ಇದರ ಕೈರೀಡರ್ ಓದುವುದು ಕೆಲವು ಹತ್ತು ಸೆಂಟಿಮೀಟರ್ ದೂರದಿಂದ ಮಾತ್ರ. ಹಾಗಾಗಿ ಸಾಲಿನ ಹತ್ತಿರ, ನಿಧಾನವಾಗಿ ಆಡಿಸಿ. ಮೂರು ಕಡೆ ಟ್ಯಾಗ್ ಸೋಲುತ್ತದೆ: ಕಬ್ಬಿಣದ ಕಪಾಟಿನ ಅಂಚಿಗೆ ಒತ್ತಿಕೊಂಡ ಪುಸ್ತಕ, ಲೋಹದ ಹಾಳೆಯಂತೆ ಮಿನುಗುವ ರಕ್ಷಾಪುಟ, ಮತ್ತು ಟ್ಯಾಗ್‌ಗಳು ಒಂದರ ಮೇಲೊಂದು ಸರಿಯಾಗಿ ಕೂತ ತೆಳು ಪುಸ್ತಕಗಳು. ಪುಸ್ತಕವನ್ನು ಹೊರತೆಗೆದು ಒಂಟಿಯಾಗಿ ಓದಿಸಿ. ಆಗ ಓದಿದರೆ ಟ್ಯಾಗ್ ಚೆನ್ನಾಗಿದೆ, ಜಾಗ ಕೆಟ್ಟದ್ದು. ಹೊಸ ತೆಳು ಪುಸ್ತಕಗಳಿಗೆ ಟ್ಯಾಗನ್ನು ಒಂದಕ್ಕೆ ಮೇಲೆ, ಒಂದಕ್ಕೆ ಕೆಳಗೆ ಅಂಟಿಸುತ್ತಾ ಹೋಗಿ. ಓದಿದ್ದು ಬೇರೆ ಪುಸ್ತಕದ ಹೆಸರಾದರೆ ಟ್ಯಾಗ್ ಬರೆಯುವಾಗ ಬಾರ್‌ಕೋಡ್ ಅದಲುಬದಲಾಗಿದೆ. ಅದೇ ದಿನ ಬರೆದ ಅಕ್ಕಪಕ್ಕದ ಪುಸ್ತಕಗಳನ್ನೂ ನೋಡಿ.

ಗೇಟ್ ಕೂಗಿದಾಗ ಓದುಗರನ್ನು ಕಳ್ಳರಂತೆ ನೋಡಬೇಡಿ. ಎರವಲು ದಾಖಲಾಗಿದ್ದರೂ ಟ್ಯಾಗ್‌ನ ಭದ್ರತಾ ಗುರುತು ಬದಲಾಗದೆ ಉಳಿದಿರಬಹುದು. ಮತ್ತೊಮ್ಮೆ ಓದಿಸಿದರೆ ಸರಿಹೋಗುತ್ತದೆ. ಚೀಲದಲ್ಲಿರುವ ಬೇರೆ ಲೈಬ್ರರಿಯ ಪುಸ್ತಕವೂ ಕಾರಣವಾಗಬಹುದು. ಯಾರೂ ದಾಟದಿದ್ದಾಗಲೂ ಗೇಟ್ ಕೂಗಿದರೆ ಹತ್ತಿರ ತಂದಿಟ್ಟ ಪುಸ್ತಕದ ಗಾಡಿಯನ್ನು ದೂರ ಸರಿಸಿ ನೋಡಿ. ಪೇಸ್‌ಮೇಕರ್ ಇರುವವರು ಗೇಟಿನ ನಡುವೆ ನಿಲ್ಲದೆ, ಒರಗದೆ, ಮಾಮೂಲಿ ನಡಿಗೆಯಲ್ಲಿ ದಾಟಲಿ. ಆ ಜಾಗದಲ್ಲಿ ಸರದಿ ಸಾಲು ನಿಲ್ಲದಂತೆ ನೋಡಿಕೊಳ್ಳಿ.

ಯಾವಾಗ ಕೈಬಿಟ್ಟು ಕರೆ ಮಾಡಬೇಕು

ಗೇಟ್, ರೀಡರ್‌ಗಳ ಒಳಭಾಗ ತೆರೆಯಬೇಡಿ. ಸುಟ್ಟ ವಾಸನೆ, ಬಿಸಿ, ಉಬ್ಬಿದ ಬ್ಯಾಟರಿ ಕಂಡರೆ ಸುರಕ್ಷಿತವಾಗಿ ಎಟಕುವುದಾದರೆ ವಿದ್ಯುತ್ ತೆಗೆದು ದೂರ ನಿಲ್ಲಿ. ಆ್ಯಪ್‌ನ ನಕ್ಷೆ ಕಟ್ಟಡದಿಂದ ಹೊರಹೋಗುವ ತುರ್ತು ದಾರಿಯನ್ನು ತಪ್ಪಾಗಿ ತೋರಿಸುತ್ತಿದ್ದರೆ, ಸರಿಯಾಗುವ ತನಕ ನಕ್ಷೆಯನ್ನೇ ಮುಚ್ಚಿಡಿ. ಬೆಂಕಿಯ ಹೊತ್ತಿನಲ್ಲಿ ಗೋಡೆಯ ಮೇಲಿನ ಗುರುತುಗಳೇ ಪ್ರಮಾಣ.

ಇನ್ನೊಂದು ಸಂದರ್ಭದಲ್ಲೂ ತಕ್ಷಣ ನಿಲ್ಲಿಸಬೇಕು. ದೋಷ ಹುಡುಕುವಾಗ ಯಾವ ಓದುಗರು ಯಾವ ಹೊತ್ತಿಗೆ ಯಾವ ಕಪಾಟಿನ ಮುಂದೆ ನಿಂತಿದ್ದರು ಎಂಬ ವಿವರ ಹೆಸರಿನ ಸಮೇತ ನಿಮ್ಮ ಪರದೆಯ ಮೇಲೆ ಬಂದರೆ, ಅದೇ ದೊಡ್ಡ ದೋಷ. ಏನು ಓದುತ್ತೇವೆ ಎಂಬುದು ನಮ್ಮ ನಮ್ಮ ಖಾಸಗಿ ವಿಷಯ. ಅದನ್ನು ಪ್ರತಿ ಮಾಡಬೇಡಿ, ಸ್ಕ್ರೀನ್‌ಶಾಟ್ ಕಳಿಸಬೇಡಿ. ಲೈಬ್ರರಿಯ ಮುಖ್ಯಸ್ಥರಿಗೆ ಹೇಳಿ, ಆ ಸಂಗ್ರಹವನ್ನು ನಿಲ್ಲಿಸಲು ಆ್ಯಪ್ ಮಾಡಿದವರನ್ನು ಕೇಳಿ.

ಉಳಿದ ದೋಷಗಳಿಗೆ ಕರೆ ಮಾಡುವ ಮೊದಲು ಇಷ್ಟು ಬರೆದಿಟ್ಟುಕೊಳ್ಳಿ: ಫೋನಿನ ಮಾದರಿ, ಅದರ ಸಾಫ್ಟ್‌ವೇರ್ ಆವೃತ್ತಿ, ಆ್ಯಪ್ ಆವೃತ್ತಿ, ನಿಂತ ಜಾಗ, ಆ್ಯಪ್ ತೋರಿಸಿದ ಜಾಗ, ಹೊತ್ತು, ಅಲ್ಲಿ ಸ್ಕ್ಯಾನ್‌ನಲ್ಲಿ ಕಂಡ ಮೇಜರ್-ಮೈನರ್ ಮತ್ತು ಸಿಗ್ನಲ್ ಬಲ. ಓದುಗರ ಹೆಸರು, ಸದಸ್ಯತ್ವ ಸಂಖ್ಯೆ ಅದರಲ್ಲಿ ಬೇಕಾಗಿಲ್ಲ.